ಪುಟ್ಟ ನಾಯಿಗೆ ಮಂಡಿ ತೊಂದರೆಯೇ? ಕೂರಿಸಬೇಡಿ, ಹಾರಿಸಬೇಡಿ, ನಡೆಸಿ!

ನಿಮ್ಮ ಮನೆಯ ಪುಟ್ಟ ಪಾಮರೇನಿಯನ್ ಅಂಗಳದಲ್ಲಿ ಓಡಾಡುತ್ತಿರುವಾಗ ಇದ್ದಕ್ಕಿದ್ದಂತೆ ಹಿಂಗಾಲೊಂದನ್ನು ಮೇಲೆತ್ತಿಕೊಂಡು, ಮೂರೇ ಕಾಲಿನಲ್ಲಿ ನಾಲ್ಕಾರು ಹೆಜ್ಜೆ ಕುಪ್ಪಳಿಸುತ್ತದೆಯೇ? ಆಮೇಲೆ ಆ ಕಾಲನ್ನು ಹಿಂದಕ್ಕೆ ಒಮ್ಮೆ ಜಾಡಿಸಿ, ಏನೂ ಆಗಿಯೇ ಇಲ್ಲವೆನ್ನುವಂತೆ ಮತ್ತೆ ಓಡುತ್ತದೆಯೇ? “ಅಮ್ಮಾ, ನೋಡು, ಪಿಂಕಿ ಕುಂಟಾಬಿಲ್ಲೆ ಆಡ್ತಾ ಇದೆ” ಎಂದು ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನೋಡುವುದಕ್ಕೆ ತಮಾಷೆಯಾಗಿಯೂ ಇರುತ್ತದೆ.

ಆದರೆ ಇದು ಆಟವಲ್ಲ. ಪುಟ್ಟ ತಳಿಯ ನಾಯಿಗಳಲ್ಲಿ ಬಹು ಸಾಮಾನ್ಯವಾದ ಒಂದು ತೊಂದರೆಯ ಮೊದಲ ಗುರುತು ಇದು. ಮಂಡಿಯ ಚಿಪ್ಪು ತನ್ನ ಜಾಗದಿಂದ ಪಕ್ಕಕ್ಕೆ ಜಾರುವುದು. ವೈದ್ಯರು ಇದನ್ನು ಪಟೆಲ್ಲರ್ ಲಕ್ಸೇಶನ್ ಎನ್ನುತ್ತಾರೆ.

ಈ ತೊಂದರೆಯ ನಾಯಿಯಿರುವ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ತಪ್ಪು ನಡೆಯುತ್ತದೆ. ಒಂದು, ಗೊತ್ತಾಗದೆ ಆಗುವುದು. ಸೋಫಾದಿಂದ ಹಾರಿಸುವುದು, ಚೆಂಡೆಸೆದು ಓಡಿಸುವುದು ಎಲ್ಲ ಹಾಗೇ ಮುಂದುವರಿಯುತ್ತದೆ. ಎರಡನೆಯದು ಪ್ರೀತಿಯಿಂದ ಆಗುವುದು. ಡಾಕ್ಟರು “ಮಂಡಿ ಸರಿಯಿಲ್ಲ” ಎಂದ ಮರುದಿನದಿಂದಲೇ ಮನೆಯವರೆಲ್ಲ “ಅಯ್ಯೋ ಪಾಪ, ನಡೆಸಬೇಡಿ, ಮಲಗಿರಲಿ ಬಿಡಿ” ಎಂದು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಿಸ್ಕತ್ತು ತಿನ್ನಿಸಲು ಶುರು ಮಾಡುತ್ತಾರೆ. ಆರು ತಿಂಗಳಲ್ಲಿ ನಾಯಿ ಗುಂಡಗಾಗುತ್ತದೆ, ಹಿಂದಿನ ತೊಡೆಗಳು ಮಾತ್ರ ಕಡ್ಡಿಯಾಗುತ್ತವೆ, ಕುಂಟು ಹೆಚ್ಚುತ್ತದೆ. ಹಾಗಾದರೆ ಮಾಡಬೇಕಾದ್ದೇನು?

ನಿಧಾನವಾಗಿ, ಲೆಕ್ಕವಿಟ್ಟು, ದಿನವೂ ತಪ್ಪದೆ ನಡೆಸಬೇಕು. ಹೇಗೆಂದು ನೋಡೋಣ ಬನ್ನಿ.

ಮಂಡಿಯಲ್ಲಿ ಆಗುವುದೇನು?

ಬಾವಿಯ ರಾಟೆಯನ್ನು ನೆನಪಿಸಿಕೊಳ್ಳಿ. ಹಗ್ಗ ರಾಟೆಯ ನಡುವಿನ ತಗ್ಗಿನಲ್ಲಿ ಕೂತಿರುವವರೆಗೆ ಕೊಡ ಸಲೀಸಾಗಿ ಮೇಲೆ ಬರುತ್ತದೆ. ಹಗ್ಗ ಪಕ್ಕಕ್ಕೆ ಜಾರಿತೋ, ಎಷ್ಟು ಎಳೆದರೂ ಕಿರ್ರೆನ್ನುತ್ತದೆಯೇ ಹೊರತು ಕೊಡ ಏಳದು. ನಾಯಿಯ ಮಂಡಿಯೂ ಹೀಗೆಯೇ. ತೊಡೆಯ ಮೂಳೆಯ ಕೆಳತುದಿಯಲ್ಲಿ ರಾಟೆಯಂಥದೇ ಒಂದು ತಗ್ಗು ಇದೆ. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಹಗ್ಗದಂತೆ ಅದರ ಮೇಲಿಂದ ಇಳಿದು ಕೆಳಗಾಲಿನ ಮೂಳೆಗೆ ಅಂಟಿಕೊಳ್ಳುತ್ತದೆ. ಆ ಹಗ್ಗದ ನಡುವೆ ಇರುವ ಪುಟ್ಟ ಮೂಳೆಯೇ ಮಂಡಿಚಿಪ್ಪು. ತಗ್ಗು ಆಳವಾಗಿದ್ದು, ಕಾಲಿನ ಮೂಳೆಗಳು ನೆಟ್ಟಗಿದ್ದರೆ ಚಿಪ್ಪು ತನ್ನ ದಾರಿಯಲ್ಲೇ ಮೇಲೆ ಕೆಳಗೆ ಸರಿಯುತ್ತಿರುತ್ತದೆ. ತಗ್ಗು ತೆಳುವಾಗಿದ್ದರೆ, ಮೂಳೆಗಳು ಕೊಂಚ ತಿರುಚಿಕೊಂಡಿದ್ದರೆ, ಚಿಪ್ಪು ಪಕ್ಕಕ್ಕೆ, ಪುಟ್ಟ ನಾಯಿಗಳಲ್ಲಿ ಹೆಚ್ಚಾಗಿ ಒಳಭಾಗಕ್ಕೆ, ಜಾರಿಬಿಡುತ್ತದೆ. ಆಗ ಕಾಲು ಚಾಚಲಾಗದೆ ಮೇಲೆತ್ತಿಕೊಳ್ಳುತ್ತದೆ. ಜಾಡಿಸಿದಾಗ ಚಿಪ್ಪು ಸ್ವಸ್ಥಾನಕ್ಕೆ ಮರಳುತ್ತದೆ. ಕುಂಟಾಬಿಲ್ಲೆಯ ಗುಟ್ಟು ಇಷ್ಟೇ.

ಒಂದು ಮಾತು. ನಾಯಿಯ ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಬಾಗಿರುವ ಭಾಗವನ್ನೇ ಹಲವರು ಮಂಡಿ ಅಂದುಕೊಳ್ಳುತ್ತಾರೆ. ಅದು ಹಿಮ್ಮಡಿ. ಮಂಡಿ ಇರುವುದು ಇನ್ನೂ ಮೇಲೆ, ಹೊಟ್ಟೆಯ ಹತ್ತಿರ, ಮುಂದಕ್ಕೆ ಬಾಗಿದ ಕಡೆ. ಡಾಕ್ಟರಿಗೆ ವಿವರಿಸುವಾಗ ಇದು ಗೊತ್ತಿರಲಿ.

ಪಾಮರೇನಿಯನ್, ಚಿವಾವಾ, ಯಾರ್ಕ್‌ಶೈರ್ ಟೆರಿಯರ್, ಮಾಲ್ಟೀಸ್, ಪುಟ್ಟ ಪೂಡಲ್ ಇವುಗಳಲ್ಲಿ ಈ ತೊಂದರೆ ಹೆಚ್ಚು. ಪಗ್, ಲಾಸಾ, ಶಿ ಟ್ಸು ಕೂಡ ಹೊರತಲ್ಲ. ಪಾಮರೇನಿಯನ್ನಿನ ಪೂರ್ವಜರು ಬಾಲ್ಟಿಕ್ ಕಡಲ ದಂಡೆಯ ಪೊಮರೇನಿಯಾ ಪ್ರಾಂತ್ಯದ ಸಾಕಷ್ಟು ದೊಡ್ಡ ನಾಯಿಗಳೇ. ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸಿನಿಂದ ಮಾರ್ಕೋ ಎಂಬ ಪುಟ್ಟ ಪಾಮರೇನಿಯನ್ ತಂದ ಮೇಲೆ ಚಿಕ್ಕದರ ಮೋಹ ಹತ್ತಿತು, ತಳಿ ಕುಗ್ಗುತ್ತಾ ಬಂತು. ನಮ್ಮ ಊರುಗಳಲ್ಲಿ ನಾವು “ಪಾಮರೇನಿಯನ್” ಎಂದು ಕರೆಯುವ ಬಿಳಿಯ ನಾಯಿ ಬಹಳ ಸಲ ಇಂಡಿಯನ್ ಸ್ಪಿಟ್ಜ್. 1994ರ ‘ಹಮ್ ಆಪ್ಕೆ ಹೈ ಕೌನ್’ ಚಿತ್ರದ ಟಫಿಯನ್ನು ನೆನೆಸಿಕೊಂಡರೆ ಗುರುತು ಸಿಕ್ಕೀತು. ಹೆಸರು ಯಾವುದಾದರೇನು, ಮಂಡಿಯ ಲೆಕ್ಕ ಒಂದೇ.

ಎಷ್ಟು ಕೆಟ್ಟಿದೆ ಎಂದು ತಿಳಿಯುವುದು ಹೇಗೆ?

ವೈದ್ಯರು ಇದನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತಾರೆ.

ಮೊದಲ ದರ್ಜೆ: ಚಿಪ್ಪು ತಾನಾಗಿ ಜಾರುವುದಿಲ್ಲ. ವೈದ್ಯರು ಬೆರಳಿನಿಂದ ಸರಿಸಿದರೆ ಸರಿಯುತ್ತದೆ, ಬಿಟ್ಟರೆ ತಾನೇ ಮರಳುತ್ತದೆ.

ಎರಡನೆಯದು: ಆಗಾಗ ತಾನೇ ಜಾರುತ್ತದೆ. ಕಾಲು ಚಾಚಿದಾಗ ಅಥವಾ ಒತ್ತಿದಾಗ ಮರಳುತ್ತದೆ. ಕುಂಟಾಬಿಲ್ಲೆಯವು ಬಹುಮಟ್ಟಿಗೆ ಈ ಗುಂಪಿನವು.

ಮೂರನೆಯದು: ಹೆಚ್ಚು ಹೊತ್ತು ಹೊರಗೇ ಇರುತ್ತದೆ. ಕೈಯಿಂದ ಕೂರಿಸಿದರೂ ಮತ್ತೆ ಜಾರುತ್ತದೆ.

ನಾಲ್ಕನೆಯದು: ಸದಾ ಹೊರಗೇ. ಕೈಯಿಂದ ಕೂರಿಸಲೂ ಆಗದು.

ಇದನ್ನು ನೀವೇ ಒತ್ತಿ ನೋಡಲು ಹೋಗಬೇಡಿ. ಅದು ವೈದ್ಯರ ಕೈಗೇ ಬಿಟ್ಟ ಕೆಲಸ. ನಿಮ್ಮಿಂದ ಆಗಬೇಕಾದ್ದು ಬೇರೊಂದಿದೆ. ಆಸ್ಪತ್ರೆಯ ಮೇಜಿನ ಮೇಲೆ ನಾಯಿ ಕುಂಟುವುದೇ ಇಲ್ಲ, ನಿಮ್ಮನ್ನೇ ಸುಳ್ಳುಗಾರ್ತಿ ಮಾಡಿಬಿಡುತ್ತದೆ! ಆದ್ದರಿಂದ ಮನೆಯಲ್ಲಿ ಕುಪ್ಪಳಿಸುವಾಗಲೇ ಮೊಬೈಲಿನಲ್ಲಿ ಚಿತ್ರೀಕರಿಸಿ ಇಟ್ಟುಕೊಳ್ಳಿ. ಹಿಂದಿನಿಂದ ಒಂದು, ಪಕ್ಕದಿಂದ ಒಂದು. ಎರಡೂ ಮಂಡಿಗಳನ್ನು ನೋಡಲು ಹೇಳಿ. ಒಂದರಲ್ಲಿದ್ದರೆ ಇನ್ನೊಂದರಲ್ಲೂ ಇರುವುದು ಅಪರೂಪವಲ್ಲ.

ಈ ಲೇಖನದಲ್ಲಿ ಹೇಳುವ ವ್ಯಾಯಾಮ ಮೊದಲ ಎರಡು ದರ್ಜೆಯ, ವೈದ್ಯರು ನೋಡಿ “ನಡೆಸಬಹುದು” ಎಂದ ನಾಯಿಗಳಿಗೆ ಮಾತ್ರ. ಮೂರನೆಯ ಮತ್ತು ನಾಲ್ಕನೆಯ ದರ್ಜೆಗೆ, ಅದರಲ್ಲೂ ಎಳೆಯ ನಾಯಿಗೆ, ಹೆಚ್ಚಾಗಿ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ತಗ್ಗನ್ನು ಆಳ ಮಾಡಿ, ಅಗತ್ಯವಿದ್ದರೆ ಕೆಳಗಾಲಿನ ಮೂಳೆಯ ಉಬ್ಬನ್ನು ಸರಿಸಿ ಕೂರಿಸುತ್ತಾರೆ. ಅಲ್ಲಿ ಬರೀ ನಡಿಗೆಯಿಂದ ಗುಣವಾದೀತೆಂದು ಕಾಯುತ್ತಾ ಕೂತರೆ ಕಾಲು ಇನ್ನಷ್ಟು ಡೊಂಕಾಗಬಹುದು.

ಕೂರಿಸಿದರೆ ನಷ್ಟವೇನು?

ವ್ಯಾಯಾಮದಿಂದ ಮೂಳೆಯ ತಗ್ಗು ಆಳವಾಗುವುದಿಲ್ಲ, ನಿಜ. ಆದರೆ ಹಗ್ಗ ಬಿಗಿಯಾಗಿ ನೇರವಾಗಿದ್ದರೆ ರಾಟೆಯಿಂದ ಜಾರುವುದು ಕಡಿಮೆ ಅಲ್ಲವೇ? ತೊಡೆಯ ಸ್ನಾಯು ಬಲವಾಗಿದ್ದಷ್ಟೂ ಮಂಡಿಗೆ ಆಸರೆ. ನೋವೆಂದು ನಾಯಿ ಕಾಲನ್ನು ಕಡಿಮೆ ಊರುತ್ತದೆ. ಊರದ ಕಾಲಿನ ಸ್ನಾಯು ಕರಗುತ್ತದೆ. ಸ್ನಾಯು ಕರಗಿದರೆ ಚಿಪ್ಪು ಮತ್ತಷ್ಟು ಜಾರುತ್ತದೆ. ಈ ಸುತ್ತನ್ನು ಎಲ್ಲಾದರೂ ಕಡಿಯಬೇಕಲ್ಲ? ಕಡಿಯುವುದು ನಡಿಗೆಯಿಂದ.

ಇನ್ನೊಂದು ಭಯವೂ ಇದೆ. ಚಿಪ್ಪು ಜಾರುವ ಮಂಡಿಯಲ್ಲಿ ಒಳಗಿನ ಅಡ್ಡಕಟ್ಟು, ಅಂದರೆ ಕ್ರೂಷಿಯೇಟ್ ಲಿಗಮೆಂಟ್, ಹರಿಯುವ ಸಂಭವ ಹೆಚ್ಚು. ಮೈಭಾರದ ನಾಯಿ ಮೇಲಿನಿಂದ ಧುಮುಕಿದಾಗ ಅಥವಾ ಓಡುತ್ತಾ ಗಕ್ಕನೆ ತಿರುಗಿದಾಗ ಅದು ಹರಿದರೆ ಆಮೇಲೆ ಎರಡೆರಡು ಕಷ್ಟ. ಆದ್ದರಿಂದಲೇ ಹೇಳುವುದು, ಕೂರಿಸಲೂ ಬೇಡಿ, ಹಾರಿಸಲೂ ಬೇಡಿ.

ಮೊದಲು ನಿಮ್ಮ ಮನೆಯ ನೆಲ ನೋಡಿ

ವ್ಯಾಯಾಮ ಶುರುವಾಗುವುದು ಬೀದಿಯಲ್ಲಲ್ಲ, ನಡುಮನೆಯಲ್ಲಿ. ಕನ್ನಡಿಯಂತೆ ಹೊಳೆಯುವ ಗ್ರಾನೈಟ್, ಮೊಸಾಯಿಕ್, ಟೈಲ್ಸ್ ನೆಲ ನಿಮ್ಮ ಕಣ್ಣಿಗೆ ಅಂದವಾದರೂ ನಾಯಿಯ ಮಂಡಿಗೆ ಶತ್ರು. ಗಂಟೆ ಬಾರಿಸಿದೊಡನೆ ಬಾಗಿಲಿಗೆ ಓಡುವಾಗ ಹಿಂಗಾಲು ಸರ್ರನೆ ಪಕ್ಕಕ್ಕೆ ಜಾರುವುದನ್ನು ನೀವೇ ನೋಡಿರುತ್ತೀರಿ.

ಅದು ಓಡಾಡುವ ದಾರಿಯುದ್ದಕ್ಕೂ, ಅಂದರೆ ಅದರ ಹಾಸಿಗೆಯಿಂದ ಊಟದ ತಟ್ಟೆಗೆ, ತಟ್ಟೆಯಿಂದ ಬಾಗಿಲಿಗೆ, ಜಾರದ ಚಾಪೆ ಹಾಸಿ. ಹಳೆಯ ಯೋಗದ ಚಾಪೆಯನ್ನು ಉದ್ದಕ್ಕೆ ಕತ್ತರಿಸಿದರೆ ಬಹಳ ಚೆನ್ನಾಗಿ ಒದಗುತ್ತದೆ. ಬರೀ ಜಮಖಾನ ಹಾಸಿದರೆ ಅದೇ ಜಾರಿ ಇನ್ನೊಂದು ಪೀಡೆ. ಅಡಿಯಲ್ಲಿ ರಬ್ಬರಿನ ಹಾಳೆ ಇರಲಿ. ನೆಲ ಒರೆಸಿದ ಮೇಲೆ ಒಣಗುವವರೆಗೆ ನಾಯಿಯನ್ನು ಬಿಡಬೇಡಿ. ಪಾದದಡಿಯ ಮೆತ್ತೆಗಳ ನಡುವೆ ಬೆಳೆದ ಕೂದಲನ್ನು ಟ್ರಿಮ್ ಮಾಡಿಸಿ, ಉಗುರು ಬೆಳೆಯಲು ಬಿಡಬೇಡಿ. ಕೂದಲು ಬೆಳೆದ ಪಾದ ಎಂದರೆ ಕಾಲುಚೀಲ ಹಾಕಿಕೊಂಡು ಟೈಲ್ಸ್ ಮೇಲೆ ಓಡಿದ ಹಾಗೆ!

ಸೋಫಾ, ಮಂಚ ಹತ್ತುವ ಅಭ್ಯಾಸವಿದ್ದರೆ ಹತ್ತಲು ಬಿಡದಿರುವುದೇ ಲೇಸು. ಬಿಡಿಸಲಾಗದಿದ್ದರೆ ಅಗಲವಾದ ಹಲಗೆಗೆ ಗೋಣಿತಾಟು ಹೊಡೆದು, ಹೆಚ್ಚು ಕಡಿದಲ್ಲದ ಇಳಿಜಾರು ಮಾಡಿಸಿಕೊಡಿ.

ನಡಿಗೆ ಎಂಬ ಔಷಧಿ

ಕುತ್ತಿಗೆಯ ಪಟ್ಟಿಗೆ ಹಗ್ಗ ಕಟ್ಟಿ ಎಳೆಯುವುದಕ್ಕಿಂತ, ಎದೆಯನ್ನು ಬಳಸಿ ಬರುವ ಹಾರ್ನೆಸ್ ಕೊಳ್ಳಿ. ಪಾಮರೇನಿಯನ್ನಿನಂಥ ಪುಟ್ಟ ನಾಯಿಗಳ ಶ್ವಾಸನಾಳವೂ ನಾಜೂಕು.

ನಡಿಗೆಯ ವೇಗ ಹೇಗಿರಬೇಕು? ಬಸ್ಸು ಹಿಡಿಯುವ ನಡಿಗೆಯಲ್ಲ, ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ನಡಿಗೆ. ಇದರಲ್ಲೇ ಗುಟ್ಟಿರುವುದು. ಜೋರಾಗಿ ಓಡುವ ನಾಯಿ ನೋವಿನ ಕಾಲನ್ನು ಮೇಲೆತ್ತಿಕೊಂಡು ಮೂರು ಕಾಲಿನಲ್ಲೇ ಕೆಲಸ ಮುಗಿಸಿಬಿಡುತ್ತದೆ. ನಿಧಾನವಾಗಿ ನಡೆದರೆ ಮಾತ್ರ ನಾಲ್ಕೂ ಕಾಲುಗಳನ್ನು ಒಂದೊಂದಾಗಿ ಊರಲೇಬೇಕು. ಅದು ಕಾಲು ಎತ್ತಿತೋ, ನೀವು ಇನ್ನೂ ನಿಧಾನ ಮಾಡಿ.

ದಾರಿ ಸಮತಟ್ಟಾಗಿರಲಿ. ಮಣ್ಣಿನ ನೆಲ, ಗಿಡ್ಡ ಹುಲ್ಲು ಉತ್ತಮ. ಜಲ್ಲಿ, ಗುಂಡಿಬಿದ್ದ ರಸ್ತೆ, ಎತ್ತರದ ಕಾಲುದಾರಿಯ ಅಂಚು ಬೇಡ. ಬೆಳಿಗ್ಗೆ ಬಿಸಿಲೇರುವ ಮುಂಚೆ, ಸಂಜೆ ನೆಲ ತಣಿದ ಮೇಲೆ ಹೊರಡಿ. ಡಾಂಬರಿನ ಮೇಲೆ ನಿಮ್ಮ ಅಂಗೈಯ ಹಿಂಭಾಗವನ್ನು ಏಳು ಎಣಿಸುವವರೆಗೆ ಇಟ್ಟು ನೋಡಿ. ನಿಮಗೆ ತಡೆಯದಿದ್ದರೆ ಅದರ ಪಾದಕ್ಕೂ ತಡೆಯದು. ಬೀದಿನಾಯಿಗಳ ಕಾಟವಿರುವ ಕಡೆ ನಿಮ್ಮ ನಾಯಿ ಬೆದರಿ ಗಕ್ಕನೆ ತಿರುಗುತ್ತದೆ. ಅಂಥ ರಸ್ತೆಗಿಂತ ಮನೆಯ ತಾರಸಿಯೇ ವಾಸಿ. ಮೆಟ್ಟಿಲು ಮಾತ್ರ ಎತ್ತಿಕೊಂಡೇ ಹತ್ತಿ.

ಒಂದು ಸಾಮಾನ್ಯ ಕ್ರಮ ಹೀಗಿರಬಹುದು. ನಿಮ್ಮ ವೈದ್ಯರಿಗೆ ತೋರಿಸಿ ಬೇಕಾದ ಬದಲಾವಣೆ ಮಾಡಿಕೊಳ್ಳಿ:

ಮೊದಲ ವಾರ: 5 ನಿಮಿಷ, ದಿನಕ್ಕೆ ಮೂರು ಸಲ.
ಎರಡನೆಯ ವಾರ: 7 ನಿಮಿಷ, ಮೂರು ಸಲ.
ಮೂರನೆಯ ಮತ್ತು ನಾಲ್ಕನೆಯ ವಾರ: 10 ನಿಮಿಷ, ಮೂರು ಸಲ.
ಐದನೆಯ ಮತ್ತು ಆರನೆಯ ವಾರ: 15 ನಿಮಿಷ, ಎರಡು ಸಲ.
ಆಮೇಲೆ: 20 ನಿಮಿಷ, ಎರಡು ಸಲ. ಜೊತೆಗೆ ಸ್ವಲ್ಪ ಏರುದಾರಿ.

ಏರುದಾರಿಯಲ್ಲಿ ನಿಧಾನವಾಗಿ ಹತ್ತಿಸಿದರೆ ಹಿಂದಿನ ತೊಡೆಗೆ ಒಳ್ಳೆಯ ಕೆಲಸ ಸಿಗುತ್ತದೆ. ಇಳಿಯುವಾಗ ನೇರವಾಗಿ ಓಡಿಸದೆ ಅಡ್ಡಡ್ಡಲಾಗಿ ಇಳಿಸಿ, ಇಲ್ಲವೇ ಎತ್ತಿಕೊಳ್ಳಿ.

ವಾರವಿಡೀ ಸುಮ್ಮನಿದ್ದು ಭಾನುವಾರ ಮನೆಮಂದಿಯೆಲ್ಲ ಸೇರಿ ಪಾರ್ಕಿನಲ್ಲಿ ಒಂದೂವರೆ ಗಂಟೆ ಓಡಿಸುವ ಪದ್ಧತಿಯನ್ನು ದಯವಿಟ್ಟು ಬಿಡಿ. ಮಂಡಿಗೆ ಅದರಷ್ಟು ಕೆಡುಕು ಇನ್ನಿಲ್ಲ. ದಿನದ ಹತ್ತು ನಿಮಿಷ ವಾರದ ಒಂದು ಜಾತ್ರೆಗಿಂತ ಮೇಲು. “ನಾಯಿ ಬೇಕು” ಅಂತ ಹಠ ಹಿಡಿದದ್ದು ಮಕ್ಕಳು, ಒಪ್ಪಿದ್ದು ಯಜಮಾನರು, ಕೊನೆಗೆ ನಡೆಸುವ ಸರದಿ ಮಾತ್ರ ನಿಮ್ಮದು. ಎಷ್ಟೋ ಮನೆಗಳ ಕಥೆ ಇದು. ಮೂರು ಹೊತ್ತಿನ ನಡಿಗೆಯನ್ನು ಮೂವರಿಗೆ ಹಂಚಿ. ಗಡಿಯಾರ ನೋಡಿ ಹೊರಡಲು, ನಿಧಾನ ನಡೆಯಲು ಮಕ್ಕಳಿಗೂ ಕಲಿಸಿ.

ಮನೆಯೊಳಗೆ ಮಾಡಿಸುವ ಮೂರು ವ್ಯಾಯಾಮ

ಮಲೆನಾಡು, ಕರಾವಳಿಯಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಹೊರಗೆ ಕಾಲಿಡುವ ಹಾಗಿಲ್ಲ. ಆಗ ಇವು ಒದಗುತ್ತವೆ. ಎಲ್ಲವನ್ನೂ ಜಾರದ ಚಾಪೆಯ ಮೇಲೆ, ನಾಯಿ ಖುಷಿಯಾಗಿರುವಾಗ ಮಾಡಿಸಿ. ಊಟವಾದ ಕೂಡಲೇ ಬೇಡ.

1. ಕೂತು ಏಳುವುದು: ಒಂದು ಪಕ್ಕಕ್ಕೆ ಗೋಡೆ ಇರುವಂತೆ ನಿಲ್ಲಿಸಿ. ಕೂರಿಸಿ, ಮತ್ತೆ ಏಳಿಸಿ. ಸೊಂಟ ಒಂದೇ ಕಡೆ ವಾಲಿಸಿ, ಕಾಲು ಹೊರಚಾಚಿ ಕೂರಲು ಬಿಡಬೇಡಿ. ಎರಡೂ ಮಂಡಿ ಸಮವಾಗಿ ಮಡಿಸಿರಲಿ. ಮೊದಲು ಮೂರು ಸಲ, ಕ್ರಮೇಣ ಐದು, ಹತ್ತು. ದಿನಕ್ಕೆರಡು ಬಾರಿ ಸಾಕು. ಎರಡನೆಯ ವಾರದಿಂದ ಶುರು ಮಾಡಬಹುದು.

2. ಭಾರ ಬದಲಿಸುವುದು: ನಾಯಿ ನಾಲ್ಕು ಕಾಲಿನ ಮೇಲೆ ನಿಂತಿರಲಿ. ಸೊಂಟದ ಪಕ್ಕಕ್ಕೆ ನಿಮ್ಮ ಎರಡು ಬೆರಳನ್ನಿಟ್ಟು, ತೊಟ್ಟಿಲು ತೂಗುವಷ್ಟು ಮೆಲ್ಲಗೆ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಒತ್ತಿ. ಬೀಳಿಸುವ ಹಾಗಲ್ಲ, ಅದು ತಾನೇ ಸಾವರಿಸಿಕೊಳ್ಳಬೇಕು. ಅರ್ಧ ನಿಮಿಷದಿಂದ ಒಂದು ನಿಮಿಷ. ಅಭ್ಯಾಸವಾದ ಮೇಲೆ ಮಡಿಸಿದ ಕಂಬಳಿಯ ಮೇಲೆ ನಿಲ್ಲಿಸಿ ಮಾಡಿಸಿದರೆ ಇನ್ನೂ ಒಳ್ಳೆಯದು.

3. ಕೋಲು ದಾಟುವುದು: ನಾಲ್ಕೈದು ಕೋಲುಗಳನ್ನು ನೆಲದ ಮೇಲೆ ಸಾಲಾಗಿ ಇಡಿ. ಎರಡು ಕೋಲಿನ ನಡುವೆ ಸುಮಾರು ನಾಯಿಯ ಮೈಯುದ್ದದಷ್ಟು ಜಾಗ ಇರಲಿ. ಹಗ್ಗ ಹಿಡಿದು ನಿಧಾನವಾಗಿ ದಾಟಿಸಿ. ಪ್ರತಿ ಕಾಲನ್ನೂ ಎತ್ತಿ ಇಡುವಾಗ ಮಂಡಿ ಮಡಿಸಿ ಚಾಚುವ ಅಭ್ಯಾಸವಾಗುತ್ತದೆ. ಹಾರಿ ದಾಟಿದರೆ ಕೋಲು ಹತ್ತಿರವಾಯಿತು ಅಥವಾ ವೇಗ ಹೆಚ್ಚಾಯಿತು ಎಂದು ತಿಳಿಯಿರಿ. ಕೋಲು ನೆಲಕ್ಕೇ ಅಂಟಿಕೊಂಡಿರಲಿ, ಎತ್ತರಿಸುವ ಆಸೆ ಬೇಡ. ನಾಲ್ಕನೆಯ ವಾರಕ್ಕಿಂತ ಮುಂಚೆಯೂ ಬೇಡ.

ವ್ಯಾಯಾಮಕ್ಕೆ ಮೊದಲು ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು, ಮೊದಲು ನಿಮ್ಮ ಕೈಗೆ ಇಟ್ಟು ನೋಡಿ, ತೊಡೆಯ ಮೇಲೆ ಐದು ನಿಮಿಷ ಇಟ್ಟರೆ ಸ್ನಾಯು ಸಡಿಲಗೊಳ್ಳುತ್ತದೆ. ಮಂಡಿ ಊದಿದ್ದರೆ ಬಿಸಿ ಬೇಡ.

ಹೆಚ್ಚಾಯಿತೆಂದು ತಿಳಿಯುವುದು ಹೇಗೆ?

ಆ ಸಂಜೆ ಅಥವಾ ಮರುದಿನ ಬೆಳಿಗ್ಗೆ ನೋಡಿ. ಎದ್ದೇಳಲು ತಡವರಿಸುತ್ತಿದೆಯೇ? ಹಿಂದಿಗಿಂತ ಹೆಚ್ಚು ಸಲ ಕಾಲು ಎತ್ತುತ್ತಿದೆಯೇ? ಮಂಡಿಯನ್ನು ನೆಕ್ಕುತ್ತಲೇ ಇದೆಯೇ? ಹಾಗಾದರೆ ನಿನ್ನೆ ಮಾಡಿಸಿದ್ದು ಜಾಸ್ತಿ. ಒಂದು ದಿನ ಬಿಡುವು ಕೊಟ್ಟು, ನಿಮಿಷಗಳನ್ನು ಅರ್ಧಕ್ಕಿಳಿಸಿ, ಅಲ್ಲಿಂದ ಮತ್ತೆ ಏರಿಸಿ.

ದಿನಸಿ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ದಿನಾಂಕ, ನಡೆಸಿದ ನಿಮಿಷ, ಕಾಲು ಎತ್ತಿದ್ದು ಎಷ್ಟು ಸಲ ಎಂದು ಬರೆದಿಡಿ. ಹದಿನೈದು ದಿನಕ್ಕೊಮ್ಮೆ ಹೊಲಿಗೆಯ ಟೇಪು ತೆಗೆದು ಎರಡೂ ತೊಡೆಗಳ ಸುತ್ತಳತೆಯನ್ನು ಒಂದೇ ಜಾಗದಲ್ಲಿ ಅಳೆಯಿರಿ. ಸೊರಗಿದ ತೊಡೆ ತುಂಬಿಕೊಳ್ಳುತ್ತಿದ್ದರೆ ನಿಮ್ಮ ಶ್ರಮ ಫಲಿಸುತ್ತಿದೆ ಎಂದೇ ಅರ್ಥ.

ಇವು ಬೇಡವೇ ಬೇಡ

• ಹಿಂಗಾಲಿನ ಮೇಲೆ ನಿಲ್ಲಿಸಿ “ಮಾಮಾಗೆ ನಮಸ್ಕಾರ ಮಾಡು” ಅನ್ನಿಸುವುದು. ಬಂದವರಿಗೆಲ್ಲ ಮುದ್ದು, ಮಂಡಿಗೆ ಮಾತ್ರ ಪೂರಾ ಭಾರ.
• ಮುಂಗಾಲು ಹಿಡಿದು ಎತ್ತುವುದು, ಕುಣಿಸುವುದು. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇರಬೇಕು. ಇಳಿಸುವಾಗ ನಾಲ್ಕೂ ಕಾಲು ನೆಲ ಮುಟ್ಟಿದ ಮೇಲೆಯೇ ಕೈ ಬಿಡಿ.
• ಚೆಂಡೆಸೆದು ಓಡಿಸುವುದು. ಗಕ್ಕನೆ ನಿಲ್ಲುವುದು, ತಿರುಗುವುದು ಎರಡೂ ಕೆಟ್ಟದ್ದು. ಆಟ ಬೇಕೆಂದರೆ ತಿಂಡಿಯ ಚೂರನ್ನು ಚಾಪೆಯ ಮಡಿಕೆಯಲ್ಲಿ ಬಚ್ಚಿಟ್ಟು ಮೂಸಿ ಹುಡುಕಲು ಬಿಡಿ.
• ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗಿ, ನಿಲ್ಲಿಸಿದೊಡನೆ ಹಾರಲು ಬಿಡುವುದು.
• ದೊಡ್ಡ ನಾಯಿಗಳ ಜೊತೆ ಗುದ್ದಾಟ.
• ದೀಪಾವಳಿಯ ರಾತ್ರಿ ಮಂಚದ ಮೇಲೆ ಒಂಟಿಯಾಗಿ ಬಿಡುವುದು. ಪಟಾಕಿಯ ಸದ್ದಿಗೆ ಎಲ್ಲಿಂದ ಎಲ್ಲಿಗೆ ಹಾರೀತೋ ಹೇಳಲಾಗದು. ಒಳಕೋಣೆಯಲ್ಲಿ, ನೆಲದ ಮೇಲಿನ ಹಾಸಿಗೆಯಲ್ಲಿ, ಯಾರಾದರೂ ಜೊತೆಗಿರಲಿ.

ಬಿಸ್ಕತ್ತಿನ ಲೆಕ್ಕ

ಎಷ್ಟೇ ನಡೆಸಿದರೂ ತೂಕ ಇಳಿಯದಿದ್ದರೆ ಮಂಡಿಗೆ ಬಿಡುಗಡೆಯಿಲ್ಲ. ಐದು ಕಿಲೋ ತೂಗುವ, ಮನೆಯಲ್ಲೇ ಇರುವ ನಾಯಿಗೆ ದಿನಕ್ಕೆ ಬೇಕಾದ ಆಹಾರ ಸುಮಾರು 350 ಕ್ಯಾಲೊರಿ. ಒಂದು ಗ್ಲೂಕೋಸ್ ಬಿಸ್ಕತ್ತಿನಲ್ಲಿ 20ಕ್ಕೂ ಹೆಚ್ಚು. ಬೆಳಗಿನ ಕಾಫಿಯ ಹೊತ್ತಿಗೆ ಅಜ್ಜಿ ಎರಡು, ಮಧ್ಯಾಹ್ನ ನೀವು ಎರಡು, ಸಂಜೆ ಮಕ್ಕಳು ಎರಡು. ಒಟ್ಟು ಆರು. ಅಲ್ಲಿಗೆ ದಿನದ ಆಹಾರದ ಮೂರನೇ ಒಂದು ಪಾಲು ಬಿಸ್ಕತ್ತಿನಲ್ಲೇ ಮುಗಿಯಿತು! ಅದರ ಮೇಲೆ ಹಾಲು ಅನ್ನ, ಯುಗಾದಿಯ ದಿನ ಹೋಳಿಗೆಯ ಚೂರು ಬೇರೆ. “ಒಂದೇ ಒಂದು ಚೂರು ತಾನೇ” ಅನ್ನುವವರು ಮನೆಯಲ್ಲಿ ನಾಲ್ಕು ಜನ ಇದ್ದರೆ ಅದು ನಾಲ್ಕು ಚೂರು.

ತಿಂಡಿತೀರ್ಥ ದಿನದ ಆಹಾರದ ಹತ್ತನೇ ಒಂದು ಪಾಲು ಮೀರದಿರಲಿ. ಬಿಸ್ಕತ್ತಿನ ಬದಲು ಸೌತೆಕಾಯಿಯ ಹೋಳು, ಉಪ್ಪು ಒಗ್ಗರಣೆ ಇಲ್ಲದೆ ಬೇಯಿಸಿದ ಹುರುಳಿಕಾಯಿ ಅಥವಾ ಕ್ಯಾರೆಟ್ಟಿನ ಚೂರು ಕೊಡಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಹುಳಿ, ಸಾರು ಕಲಸಿದ ಅನ್ನ ಹಾಕುವವರು ಇದನ್ನು ಮರೆಯಬಾರದು.

ತೂಕ ಸರಿಯಿದೆಯೇ ಎಂದು ನೋಡಲು ಪಕ್ಕೆಯ ಮೇಲೆ ಕೈಯಾಡಿಸಿ. ಪಾಮರೇನಿಯನ್ನಿನ ದಟ್ಟ ಕೂದಲು ಕಣ್ಣಿಗೆ ಮೋಸ ಮಾಡುತ್ತದೆ, ಕೈಗೆ ಮಾಡಲಾರದು. ಒತ್ತದೆಯೇ ಪಕ್ಕೆಲುಬುಗಳು ಎಣಿಸಲು ಸಿಗಬೇಕು. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಯಿಂದ ಕೊನೆಯವರೆಗೆ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರ. ಕಡಿಮೆ ಉಂಡವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಅವುಗಳ ಕೀಲುಬೇನೆಯೂ ತಡವಾಗಿ ಬಂತು. ತಟ್ಟೆಯಲ್ಲಿ ಕಡಿಮೆ ಹಾಕುವುದೂ ಪ್ರೀತಿಯೇ.

ತಡ ಮಾಡದೆ ವೈದ್ಯರ ಬಳಿಗೆ

ಒಂದು ದಿನ ಕಳೆದರೂ ಕಾಲನ್ನು ನೆಲಕ್ಕೆ ಊರದಿದ್ದರೆ, ಮಂಡಿ ಊದಿದ್ದರೆ, ಮುಟ್ಟಿದರೆ ಕಿರುಚಿದರೆ ಕಾಯಬೇಡಿ. ಎರಡೂ ಹಿಂಗಾಲು ಎಳೆಯುತ್ತಿದ್ದರೆ, ತೂರಾಡುತ್ತಿದ್ದರೆ ಅದು ಮಂಡಿಯದಲ್ಲ, ಬೆನ್ನುಹುರಿಯ ತೊಂದರೆ ಇರಬಹುದು. ಆಗ ಗಂಟೆಗಳೂ ಮುಖ್ಯ. ಹತ್ತಿರದಲ್ಲಿ ನುರಿತವರಿಲ್ಲದಿದ್ದರೆ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಇಂಥ ಕಾಲೇಜುಗಳಿವೆ.

ಹಲವರು ಕೇಳುವ ಪ್ರಶ್ನೆಗಳು

ನೋವಿಗೆ ನಮ್ಮ ಮಾತ್ರೆಯನ್ನೇ ಅರ್ಧ ಮಾಡಿ ಕೊಡಬಹುದಾ?

ಖಂಡಿತ ಕೂಡದು. ಐಬುಪ್ರೊಫೇನ್, ಡೈಕ್ಲೋಫಿನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸಬಲ್ಲವು. ಪ್ಯಾರಾಸಿಟಮಾಲ್ ಕೂಡ ಅಪಾಯ. ನಾಯಿಗೆಂದೇ ಇರುವ ನೋವಿನ ಮದ್ದನ್ನು ತೂಕ ನೋಡಿ ವೈದ್ಯರೇ ಬರೆಯಬೇಕು. ನೋವಿನ ಮದ್ದು ಕೊಟ್ಟ ದಿನ ನಾಯಿ ಚುರುಕಾಯಿತೆಂದು ಹೆಚ್ಚು ನಡೆಸಲೂ ಬೇಡಿ.

ನೀಲಗಿರಿ ಎಣ್ಣೆ, ನೋವಿನ ಬಾಮು ತಿಕ್ಕಿದ್ರೆ?

ತಿಕ್ಕಿದ್ದನ್ನೆಲ್ಲ ಅದು ನೆಕ್ಕುತ್ತದೆ. ಕರ್ಪೂರ, ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೆ ವಿಷ. ಬರಿಗೈಯಿಂದ ತೊಡೆಯನ್ನು ಮೆಲ್ಲಗೆ ನೀವಿದರೆ ಸಾಕು. ಮಂಡಿಚಿಪ್ಪಿನ ಮೇಲೆ ಒತ್ತಬೇಡಿ.

ಈಜಿಸಿದರೆ ಒಳ್ಳೇದು ಅಂತಾರೆ, ನಿಜವೇ?

ನೀರಿನಲ್ಲಿ ಮೈಭಾರ ಕೀಲಿನ ಮೇಲೆ ಬೀಳದು, ಆದ್ದರಿಂದ ಒಳ್ಳೆಯದೇ. ಆದರೆ ಕೆರೆ, ಬಾವಿಗೆ ಬಿಟ್ಟು ಕಲಿಸುವುದು ಬೇಡ. ಹೆದರಿ ಒದ್ದಾಡಿದರೆ ಇದ್ದ ಮಂಡಿಯೂ ಕೆಟ್ಟೀತು. ವೈದ್ಯರ ಒಪ್ಪಿಗೆ ಪಡೆದು, ನಾಯಿಗೆ ಲೈಫ್ ಜಾಕೆಟ್ ತೊಡಿಸಿ, ನುರಿತವರು ಜೊತೆಯಲ್ಲಿರುವ ಕಡೆ ಮಾತ್ರ.

ಆಪರೇಷನ್ ಆದ ಮೇಲೆ ಈ ವ್ಯಾಯಾಮ ಯಾವಾಗ ಶುರು ಮಾಡೋದು?

ಶಸ್ತ್ರಚಿಕಿತ್ಸೆ ಮಾಡಿದವರು ಹೇಳಿದಾಗ. ಸಾಮಾನ್ಯವಾಗಿ ಆರರಿಂದ ಎಂಟು ವಾರ ಓಟ, ಜಿಗಿತ, ಮೆಟ್ಟಿಲು ಪೂರ್ತಿ ನಿಷಿದ್ಧ. ಹಗ್ಗ ಹಿಡಿದು ಹೊರಗೆ ಕರೆದೊಯ್ಯುವುದಷ್ಟೇ. “ಚೆನ್ನಾಗಿದೆಯಲ್ಲ” ಎಂದು ನಡುವೆ ಬಿಟ್ಟವರು ಎರಡನೆಯ ಸಲ ಮೇಜು ಹತ್ತಿಸಬೇಕಾಗಬಹುದು.

ನಮ್ಮದು ಹೆಣ್ಣು ನಾಯಿ. ಒಂದು ಸಲ ಮರಿ ಹಾಕಿಸೋಣ ಅಂತ ಮನೆಯವರ ಆಸೆ. ಮಾಡಬಹುದಾ?

ಬೇಡಿ. ಈ ತೊಂದರೆ ವಂಶಪಾರಂಪರ್ಯವಾಗಿ ಬರುವಂಥದು. ಮರಿಗಳಿಗೂ ಅದೇ ಮಂಡಿ ಬಂದೀತು. ನಿಮ್ಮ ನೆಂಟರಿಷ್ಟರಲ್ಲಿ ಯಾರಾದರೂ ಪುಟ್ಟ ನಾಯಿ ಕೊಳ್ಳಲು ಹೊರಟಿದ್ದರೆ ಅವರಿಗೂ ಒಂದು ಮಾತು ಹೇಳಿ. ಮರಿಯ ಮುದ್ದುಮುಖಕ್ಕೆ ಮರುಳಾಗುವ ಮುಂಚೆ ತಾಯಿ ನಾಯಿಯನ್ನು ಹೊರಗೆ ಬಿಡಿಸಿ, ಹತ್ತು ಹೆಜ್ಜೆ ನಡೆಸಿ, ಹಿಂದಿನಿಂದ ನಿಂತು ನೋಡಲಿ.